ಸರ್ಕಾರ ಕೊಂಡದ್ದು ಕರೆಂಟು, ಷರತ್ತು ಹಾಕಿದ್ದು ಪ್ಯಾನೆಲ್ಲಿಗೆ: ಭಾರತದ ಸೋಲಾರ್ ಪ್ರಕರಣ

ಸರ್ಕಾರ ತನಗೆ ಬೇಕಾದ ಸಾಮಾನು ಕೊಳ್ಳುವಾಗ ತನ್ನ ದೇಶದ ಮಾಲಿಗೇ ಆದ್ಯತೆ ಕೊಡಬಹುದಾ? ಕೊಡಬಹುದು. ವಿಶ್ವ ವ್ಯಾಪಾರ ಸಂಸ್ಥೆಯ ನಿಯಮಗಳೇ ಅದಕ್ಕೆ ಜಾಗ ಬಿಟ್ಟಿವೆ. ಅಮೆರಿಕದಲ್ಲಿ 1933ರಿಂದಲೂ 'ಬೈ ಅಮೆರಿಕನ್' ಕಾನೂನು ಇದೆ. ಹಾಗಿದ್ದ ಮೇಲೆ ಸೋಲಾರ್ ಪ್ಯಾನೆಲ್ ವಿಷಯದಲ್ಲಿ ಭಾರತ ಅದೇ ಅಮೆರಿಕದ ಎದುರು ಸೋತದ್ದು ಹೇಗೆ?

ಈ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಸರ್ಕಾರಿ ಖರೀದಿಯ ನಿಯಮಗಳು ಗಡಿಯಾಚೆಯ ವ್ಯಾಪಾರವನ್ನು ಹೇಗೆ ತಿರುಗಿಸುತ್ತವೆ ಅನ್ನುವುದು ಚೆನ್ನಾಗಿ ಗೊತ್ತಾಗುತ್ತದೆ. ಟೆಂಡರಿನ ಒಂದೊಂದು ಸಾಲು ಯಾರಿಗೆ ಲಾಭ ಮಾಡಿಕೊಟ್ಟಿತು, ಯಾರ ಕಾರ್ಖಾನೆ ಖಾಲಿ ಕೂರಿಸಿತು ಅನ್ನುವುದೂ ಕಾಣುತ್ತದೆ. ವಿಶ್ವ ವ್ಯಾಪಾರ ಸಂಸ್ಥೆಯ ಕಡತದಲ್ಲಿ ಇದು ಡಿಎಸ್ 456ನೇ ಪ್ರಕರಣ.

ಯೋಜನೆ ಏನಿತ್ತು

2010ರ ಜನವರಿಯಲ್ಲಿ ಕೇಂದ್ರ ಸರ್ಕಾರ ಜವಾಹರಲಾಲ್ ನೆಹರು ರಾಷ್ಟ್ರೀಯ ಸೋಲಾರ್ ಮಿಷನ್ ಶುರು ಮಾಡಿತು. 2022ರ ಹೊತ್ತಿಗೆ 20,000 ಮೆಗಾವ್ಯಾಟ್ ಸೋಲಾರ್ ವಿದ್ಯುತ್ ಅನ್ನುವುದು ಆಗಿನ ಗುರಿ. ಆ ಕಾಲಕ್ಕೆ ಇದು ದೊಡ್ಡ ಮಾತೇ. ಸೋಲಾರ್ ಕರೆಂಟು ಆಗ ತುಂಬಾ ದುಬಾರಿ. ಕೇಂದ್ರ ವಿದ್ಯುತ್ ನಿಯಂತ್ರಣ ಆಯೋಗ ಮೊದಲು ಗೊತ್ತು ಮಾಡಿದ ದರವೇ ಯೂನಿಟ್ಟಿಗೆ 17 ರೂಪಾಯಿ 91 ಪೈಸೆ. ಮಿಷನ್ನಿನ ಮೊದಲ ಹಂತದ ಹರಾಜು ಎರಡು ಕಂತಿನಲ್ಲಿ ನಡೆಯಿತು. ಹರಾಜಿನಲ್ಲಿ ದರ ಇಳಿದು ಮೊದಲ ಕಂತಿನಲ್ಲಿ ಸರಾಸರಿ 12 ರೂಪಾಯಿಯ ಆಸುಪಾಸಿಗೆ ಬಂತು. ಎರಡನೇ ಕಂತಿನಲ್ಲಿ ಅತಿ ಕಡಿಮೆ ಬಿಡ್ 7 ರೂಪಾಯಿ 49 ಪೈಸೆ.

ಇಷ್ಟು ದುಬಾರಿ ಕರೆಂಟನ್ನು ಯಾರು ಕೊಳ್ಳುತ್ತಾರೆ? ಅದಕ್ಕೊಂದು ಏರ್ಪಾಟು ಮಾಡಿದ್ದರು. ಕೇಂದ್ರ ಸರ್ಕಾರದ ವಿದ್ಯುತ್ ಉತ್ಪಾದನಾ ಸಂಸ್ಥೆ ಎನ್‌ಟಿಪಿಸಿ. ಅದರ ಅಂಗಸಂಸ್ಥೆಯಾದ ಎನ್‌ವಿವಿಎನ್ ಸೋಲಾರ್ ಘಟಕ ಕಟ್ಟುವ ಖಾಸಗಿ ಡೆವಲಪರ್‌ಗಳ ಜೊತೆ 25 ವರ್ಷದ ಖರೀದಿ ಒಪ್ಪಂದ ಮಾಡಿಕೊಳ್ಳುತ್ತಿತ್ತು. ಒಂದು ಮೆಗಾವ್ಯಾಟ್ ಸೋಲಾರ್ ಜೊತೆಗೆ ಎನ್‌ಟಿಪಿಸಿಯ ಒಂದು ಮೆಗಾವ್ಯಾಟ್ ಅಗ್ಗದ ಕಲ್ಲಿದ್ದಲು ವಿದ್ಯುತ್ತನ್ನು ಬೆರೆಸುತ್ತಿತ್ತು. ಕಲ್ಲಿದ್ದಲು ಘಟಕ ರಾತ್ರಿ ಹಗಲು ಓಡುತ್ತದೆ, ಸೋಲಾರ್ ಬಿಸಿಲಿದ್ದಾಗ ಮಾತ್ರ. ಹಾಗಾಗಿ ಬೆರೆಸಿದ ಕರೆಂಟಿನ ಸರಾಸರಿ ದರ ಎಷ್ಟೋ ಇಳಿಯುತ್ತಿತ್ತು. ಅದನ್ನು ರಾಜ್ಯಗಳ ವಿದ್ಯುತ್ ಕಂಪನಿಗಳಿಗೆ ಮಾರುತ್ತಿದ್ದರು. ನಮ್ಮ ಎಸ್ಕಾಂಗಳೂ ಈ ಬೆರಕೆ ಕರೆಂಟು ಕೊಂಡಿವೆ.

ಇಲ್ಲಿ ಒಂದು ಸಂಗತಿಯನ್ನು ಗಟ್ಟಿಯಾಗಿ ಹಿಡಿದುಕೊಳ್ಳಬೇಕು. ಪ್ಯಾನೆಲ್ ಕೊಂಡವರು ಖಾಸಗಿ ಡೆವಲಪರ್‌ಗಳು. ಪ್ಯಾನೆಲ್ಲಿನ ಮಾಲೀಕರೂ ಅವರೇ. ಸರ್ಕಾರಿ ಸಂಸ್ಥೆ ದುಡ್ಡು ಕೊಟ್ಟು ಪಡೆದದ್ದು ಕರೆಂಟನ್ನು. ಮುಂದೆ ಇಡೀ ಪ್ರಕರಣ ನಿಂತದ್ದು ಇದರ ಮೇಲೆಯೇ.

ಷರತ್ತು, ಅದರಲ್ಲಿದ್ದ ಕಿಂಡಿ

ಮಿಷನ್ನಿಗೆ ಕರೆಂಟು ಮಾಡುವುದು ಒಂದೇ ಉದ್ದೇಶ ಆಗಿರಲಿಲ್ಲ. ದೇಶದೊಳಗೆ ಸೋಲಾರ್ ತಯಾರಿಕೆಯೂ ಬೆಳೆಯಬೇಕಿತ್ತು. ಅದಕ್ಕೆ ದೇಶಿ ಮಾಲಿನ ಷರತ್ತು ಬಂತು. ಟೆಂಡರ್ ಮಾಡುವವರ ಬಾಯಲ್ಲಿ ಅದು ಡಿಸಿಆರ್. ಮೊದಲ ಕಂತಿನಲ್ಲಿ ಕ್ರಿಸ್ಟಲೈನ್ ಸಿಲಿಕಾನ್ ಪ್ಯಾನೆಲ್ ಬಳಸುವವರು ಭಾರತದಲ್ಲಿ ಜೋಡಿಸಿದ ಮಾಡ್ಯೂಲನ್ನೇ, ಅಂದರೆ ಸೆಲ್‌ಗಳನ್ನು ಸೇರಿಸಿ ಮಾಡಿದ ಪ್ಯಾನೆಲ್ಲನ್ನೇ, ಹಾಕಬೇಕಿತ್ತು. ಬಿಸಿಲನ್ನು ಕರೆಂಟಾಗಿಸುವ ಸೆಲ್ ಹೊರಗಿನಿಂದ ತಂದರೂ ನಡೆಯುತ್ತಿತ್ತು. ಎರಡನೇ ಕಂತಿಗೆ ಸೆಲ್ಲೂ ಮಾಡ್ಯೂಲೂ ಎರಡೂ ಇಲ್ಲಿಯವೇ ಆಗಬೇಕು ಅಂತಾಯಿತು.

ಆದರೆ ಥಿನ್ ಫಿಲ್ಮ್ ಪ್ಯಾನೆಲ್‌ಗಳಿಗೆ ಈ ಷರತ್ತು ಇರಲಿಲ್ಲ. ಥಿನ್ ಫಿಲ್ಮ್ ಅಂದರೆ ಗಾಜಿನ ಮೇಲೆ ತೆಳ್ಳಗೆ ಅರೆವಾಹಕದ ಪದರ ಹಚ್ಚಿ ಮಾಡುವ ಪ್ಯಾನೆಲ್. ಭಾರತದಲ್ಲಿ ಅದನ್ನು ಹೇಳಿಕೊಳ್ಳುವಷ್ಟು ಪ್ರಮಾಣದಲ್ಲಿ ಮಾಡುವವರು ಇರಲಿಲ್ಲ, ಅದಕ್ಕೇ ವಿನಾಯಿತಿ. ಮೇಲ್ನೋಟಕ್ಕೆ ಸರಿಯಾದ ಮಾತೇ. ಇಲ್ಲಿ ಸಿಗದ ಮಾಲನ್ನು ಇಲ್ಲೇ ಕೊಳ್ಳಿ ಅಂದರೆ ಹೇಗೆ ಅಲ್ವಾ?

ಈಗ ಒಬ್ಬ ಡೆವಲಪರ್ ಜಾಗದಲ್ಲಿ ನಿಂತು ಯೋಚಿಸಿ. ಬಿಡ್ ಗೆದ್ದಾಗಿದೆ. ದರ ಗೊತ್ತಾಗಿದೆ, 25 ವರ್ಷ ಅದು ಬದಲಾಗುವುದಿಲ್ಲ. ಇನ್ನು ಲಾಭ ಬರಬೇಕಾದರೆ ಖರ್ಚು ಇಳಿಸಬೇಕು. ಸೋಲಾರ್ ಘಟಕದಲ್ಲಿ ಇಂಧನದ ಖರ್ಚಿಲ್ಲ. ಹಾಗಾಗಿ ಎರಡೇ ದೊಡ್ಡ ಖರ್ಚು: ಪ್ಯಾನೆಲ್ಲು ಮತ್ತು ಸಾಲದ ಬಡ್ಡಿ. ಇಲ್ಲಿನ ಬ್ಯಾಂಕುಗಳ ಬಡ್ಡಿ ಆಗ ಶೇಕಡಾ 12-13ರ ಹತ್ತಿರ. ಅತ್ತ ಅಮೆರಿಕದ ಎಕ್ಸ್‌ಪೋರ್ಟ್ ಇಂಪೋರ್ಟ್ ಬ್ಯಾಂಕ್ ಅದರ ಅರ್ಧಕ್ಕಿಂತಲೂ ಕಡಿಮೆ ಬಡ್ಡಿಗೆ, ದೀರ್ಘ ಅವಧಿಗೆ ಡಾಲರ್ ಸಾಲ ಕೊಡಲು ತಯಾರಿತ್ತು. ಷರತ್ತು ಒಂದೇ, ಸಾಮಾನು ಅಮೆರಿಕದ್ದಾಗಿರಬೇಕು. ಅಮೆರಿಕದ ಫಸ್ಟ್ ಸೋಲಾರ್ ಮಾಡುವುದು ಥಿನ್ ಫಿಲ್ಮ್ ಪ್ಯಾನೆಲ್ಲು. ರೂಪಾಯಿ ಕುಸಿದರೆ ಎಂಬ ಭಯಕ್ಕೆ ಒಂದಿಷ್ಟು ಖರ್ಚು ಸೇರಿಸಿದರೂ ಈ ಸಾಲ ಅಗ್ಗವೇ. ಡೆವಲಪರ್ ಯಾವ ಕಡೆ ಹೋಗುತ್ತಾನೆ?

ಹೋದದ್ದೂ ಆ ಕಡೆಗೇ. ಜಗತ್ತಿನ ಸೋಲಾರ್ ಮಾರುಕಟ್ಟೆಯಲ್ಲಿ ಥಿನ್ ಫಿಲ್ಮಿನದು ಆಗ ಸಣ್ಣ ಪಾಲು. ನಮ್ಮ ಮಿಷನ್ನಿನ ಮೊದಲ ಹಂತದಲ್ಲಿ ಮಾತ್ರ ಅದು ಅರ್ಧಕ್ಕಿಂತ ಜಾಸ್ತಿ. ದೆಹಲಿಯ ಸೆಂಟರ್ ಫಾರ್ ಸೈನ್ಸ್ ಅಂಡ್ ಎನ್ವಿರಾನ್‌ಮೆಂಟ್ 2012ರಲ್ಲೇ ಇದನ್ನು ಎತ್ತಿ ಹೇಳಿತು. ಅಮೆರಿಕ ಹವಾಮಾನ ನೆರವಿನ ಲೆಕ್ಕದಲ್ಲಿ ತೋರಿಸುತ್ತಿರುವ ಸಾಲ ಭಾರತದ ತಯಾರಕರ ಕುತ್ತಿಗೆ ಹಿಸುಕುತ್ತಿದೆ ಅನ್ನುವುದು ಅವರ ದೂರು.

ಒಂದು ಕಡೆಯಿಂದ ದೇಶಿ ಷರತ್ತು, ಇನ್ನೊಂದು ಕಡೆಯಿಂದ ಸಾಲದ ಷರತ್ತು. ಅಮೆರಿಕದ ಸಾಲವೂ ಒಂದು ರೀತಿಯಲ್ಲಿ ನಮ್ಮ ಮಾಲನ್ನೇ ಕೊಳ್ಳಿ ಅನ್ನುವ ನಿಯಮವೇ. ಅದನ್ನು ಯಾರೂ ವಿಶ್ವ ವ್ಯಾಪಾರ ಸಂಸ್ಥೆ ಇರುವ ಜಿನೀವಾಕ್ಕೆ ಒಯ್ಯಲಿಲ್ಲ. ಈ ಪ್ರಕರಣದ ಬಗ್ಗೆ ಓದುವಾಗೆಲ್ಲ ನನಗೆ ಚುಚ್ಚುವುದು ಇದು. ಬೆಂಗಳೂರಿನಲ್ಲಿ ಟಾಟಾ ಅವರ ಸೋಲಾರ್ ಕಾರ್ಖಾನೆ ಇತ್ತು, ಬಿಎಚ್ಇಎಲ್‌ನ ಎಲೆಕ್ಟ್ರಾನಿಕ್ಸ್ ವಿಭಾಗ ಸೆಲ್ಲು ಮಾಡುತ್ತಿತ್ತು. ಇಂಥ ತಯಾರಕರಿಗೆ ಆಸರೆಯಾಗಲಿ ಅಂತ ಬರೆದ ಸಾಲು, ಬರೆದ ರೀತಿಯಿಂದಾಗಿಯೇ ಮಾರುಕಟ್ಟೆಯ ಅರ್ಧವನ್ನು ಹೊರಗಿನವರಿಗೆ ತೆರೆದಿಟ್ಟಿತು.

ಕಿಂಡಿ ಮುಚ್ಚಿದಾಗ

2013ರ ಫೆಬ್ರವರಿ 6ರಂದು ಅಮೆರಿಕ ಮಾತುಕತೆಗೆ ಬನ್ನಿ ಎಂದು ಭಾರತಕ್ಕೆ ನೋಟಿಸ್ ಕೊಟ್ಟಿತು. ವಿಶ್ವ ವ್ಯಾಪಾರ ಸಂಸ್ಥೆಯಲ್ಲಿ ಜಗಳ ಶುರುವಾಗುವುದೇ ಹೀಗೆ.

ಅದೇ ವರ್ಷ ಮಿಷನ್ನಿನ ಎರಡನೇ ಹಂತದ ಟೆಂಡರ್ ಬಂತು. ಒಟ್ಟು 750 ಮೆಗಾವ್ಯಾಟ್. ಈ ಬಾರಿ ಕೊಳ್ಳುವವರು ಹೊಸದಾಗಿ ಹುಟ್ಟಿದ್ದ ಸೋಲಾರ್ ಎನರ್ಜಿ ಕಾರ್ಪೊರೇಷನ್, ಅಂದರೆ ಸೆಕಿ. ಸರ್ಕಾರ ಹಿಂದಿನದರಿಂದ ಪಾಠ ಕಲಿತಿತ್ತು. 750ನ್ನು ಎರಡು ಪಾಲು ಮಾಡಿತು. 375 ಮೆಗಾವ್ಯಾಟ್ ಎಲ್ಲರಿಗೂ ಮುಕ್ತ. ಉಳಿದ 375ಕ್ಕೆ ದೇಶಿ ಸೆಲ್ಲು, ದೇಶಿ ಮಾಡ್ಯೂಲು, ತಂತ್ರಜ್ಞಾನ ಯಾವುದಾದರೂ ಸರಿ. ಥಿನ್ ಫಿಲ್ಮಿನ ವಿನಾಯಿತಿ ಹೋಯಿತು. 2014ರ ಫೆಬ್ರವರಿಯಲ್ಲಿ ಅಮೆರಿಕ ಇದನ್ನೂ ಸೇರಿಸಿ ಇನ್ನೊಂದು ನೋಟಿಸ್ ಕೊಟ್ಟಿತು. ಮೇ ತಿಂಗಳಲ್ಲಿ ವಿಚಾರಣಾ ಸಮಿತಿ ರಚನೆಯಾಯಿತು.

ಈ ಟೆಂಡರ್ ಅಧ್ಯಯನಕ್ಕೆ ಹೇಳಿ ಮಾಡಿಸಿದಂತಿದೆ. ಒಂದೇ ಟೆಂಡರ್, ಒಂದೇ ಕಾಲ, ಒಂದೇ ಕರೆಂಟಿನ ದರ. ವ್ಯತ್ಯಾಸ ಪ್ಯಾನೆಲ್ಲಿನ ಮೂಲದ್ದು ಮಾತ್ರ. ದರ ಯೂನಿಟ್ಟಿಗೆ 5 ರೂಪಾಯಿ 45 ಪೈಸೆ ಅಂತ ಮೊದಲೇ ಗೊತ್ತು ಮಾಡಿದ್ದರು. ಆ ದರಕ್ಕೆ ಘಟಕ ಕಟ್ಟಲು ಸರ್ಕಾರ ಕೈಯಿಂದ ಎಷ್ಟು ಹಣ ಕೊಡಬೇಕು ಎಂದು ಡೆವಲಪರ್ ಕೇಳಬೇಕು, ಕಡಿಮೆ ಕೇಳಿದವರಿಗೆ ಕೆಲಸ. ಮೆಗಾವ್ಯಾಟಿಗೆ ಎರಡೂವರೆ ಕೋಟಿ ಮಿತಿ. ಮುಕ್ತ ಪಾಲಿನಲ್ಲಿ ಒಬ್ಬರು 17.5 ಲಕ್ಷ ಸಾಕು ಅಂದರು. ಗೆದ್ದವರ ಸರಾಸರಿ ಸುಮಾರು ಒಂದು ಕೋಟಿ. ದೇಶಿ ಪಾಲಿನಲ್ಲಿ ಸರಾಸರಿ ಸುಮಾರು ಎರಡು ಕೋಟಿ, ಮೇಲಿನ ಬಿಡ್‌ಗಳು ಮಿತಿಯ ಅಂಚಿಗೇ ಬಂದಿದ್ದವು.

ಅಂದರೆ ದೇಶಿ ಪ್ಯಾನೆಲ್ಲಿಗಾಗಿ ಮೆಗಾವ್ಯಾಟಿಗೆ ಸುಮಾರು ಒಂದು ಕೋಟಿ ಜಾಸ್ತಿ. 375 ಮೆಗಾವ್ಯಾಟಿಗೆ ಲೆಕ್ಕ ಹಾಕಿದರೆ 375 ಕೋಟಿಯ ಆಸುಪಾಸು. ಇದು ಕಾರ್ಖಾನೆ ಉಳಿಸಿಕೊಳ್ಳಲು ಸರ್ಕಾರ ತೆತ್ತ ಬೆಲೆ. ನನ್ನ ಮಟ್ಟಿಗೆ ಇದು ತಪ್ಪು ಖರ್ಚಲ್ಲ. ಬೆಲೆ ಎಲ್ಲರ ಕಣ್ಣಿಗೆ ಬೀಳುವಂತಿತ್ತು, ಯಾರು ಬೇಕಾದರೂ ಲೆಕ್ಕ ಕೇಳಬಹುದಿತ್ತು. ಅರ್ಧ ಮುಕ್ತ, ಅರ್ಧ ಮೀಸಲು ಅನ್ನುವ ಈ ವಿಧಾನ ಮೊದಲ ಹಂತದ್ದಕ್ಕಿಂತ ಎಷ್ಟೋ ಪ್ರಾಮಾಣಿಕವಾಗಿತ್ತು. ಆದರೆ ಕಾನೂನಿನ ಕಣ್ಣಿಗೆ ಎರಡೂ ಒಂದೇ.

ಜಿನೀವಾದಲ್ಲಿ ನಡೆದ ವಾದ

ಗ್ಯಾಟ್ ಅಂದರೆ ವಿಶ್ವ ವ್ಯಾಪಾರ ಸಂಸ್ಥೆಯ ಸರಕು ವ್ಯಾಪಾರದ ಒಪ್ಪಂದ. ಅದರ ಮೂರನೇ ವಿಧಿ ಹೇಳುವುದು ಸರಳ. ಹೊರಗಿನ ಮಾಲು ಸುಂಕ ಕಟ್ಟಿ ಒಳಗೆ ಬಂದ ಮೇಲೆ ಅದನ್ನು ಇಲ್ಲಿಯ ಮಾಲಿಗಿಂತ ಕೀಳಾಗಿ ನೋಡಬಾರದು. ಭಾರತದ ಷರತ್ತು ಇದಕ್ಕೆ ವಿರುದ್ಧ ಎಂಬ ಬಗ್ಗೆ ಹೆಚ್ಚು ಜಗಳವೇ ಇರಲಿಲ್ಲ. ಜಗಳ ಇದ್ದದ್ದು ವಿನಾಯಿತಿಗಳ ಬಗ್ಗೆ.

ಅದೇ ವಿಧಿಯ ಎಂಟನೇ ಉಪವಿಧಿ ಸರ್ಕಾರಿ ಖರೀದಿಯನ್ನು ಹೊರಗಿಡುತ್ತದೆ. ಸರ್ಕಾರಿ ಸಂಸ್ಥೆಗಳು ಸರ್ಕಾರದ ಉದ್ದೇಶಕ್ಕೆ ಕೊಳ್ಳುವ ವಸ್ತುವಿನ ವಿಷಯದಲ್ಲಿ, ಅದನ್ನು ಮರುಮಾರಾಟದ ವ್ಯಾಪಾರಕ್ಕೆ ಕೊಳ್ಳದಿದ್ದರೆ, ತಾರತಮ್ಯ ಮಾಡಬಹುದು. ಸರ್ಕಾರಿ ಖರೀದಿಗೇ ಬೇರೊಂದು ಒಪ್ಪಂದ ಇದೆ. ಅದಕ್ಕೆ ಸಹಿ ಹಾಕಿದ ದೇಶಗಳು ಮಾತ್ರ ಪರಸ್ಪರ ತಮ್ಮ ಟೆಂಡರುಗಳನ್ನು ತೆರೆದಿಡಬೇಕು. ಭಾರತ ಅದಕ್ಕೆ ಸಹಿ ಹಾಕಿಲ್ಲ, 2010ರಿಂದ ವೀಕ್ಷಕ ಸ್ಥಾನದಲ್ಲಿದೆ ಅಷ್ಟೆ. ಹಾಗಾಗಿ ತಾನು ಮಾಡಿದ್ದು ಸರ್ಕಾರಿ ಖರೀದಿ ಅಂತ ಸಾಬೀತಾದರೆ ಭಾರತ ಗೆದ್ದಂತೆ.

ಭಾರತದ ವಾದ ಹೀಗಿತ್ತು. ಸೋಲಾರ್ ಕರೆಂಟಿಗೆ ಸೆಲ್ಲು, ಮಾಡ್ಯೂಲು ಬಿಟ್ಟು ಬೇರೆ ಅಸ್ತಿತ್ವ ಇಲ್ಲ. ಆ ಕರೆಂಟನ್ನು ಕೊಳ್ಳುವುದು ಅಂದರೆ ಅದನ್ನು ಹುಟ್ಟಿಸುವ ಸೆಲ್ಲನ್ನು ಕೊಂಡ ಹಾಗೆಯೇ.

ವಿಶ್ವ ವ್ಯಾಪಾರ ಸಂಸ್ಥೆಯ ಮೇಲ್ಮನವಿ ಮಂಡಳಿ ಒಪ್ಪಲಿಲ್ಲ. ಕಾರಣ, ಈ ತೀರ್ಪಿಗೆ ಮೂರು ವರ್ಷ ಮೊದಲು ಕೆನಡಾದ ಒಂದು ಪ್ರಕರಣದಲ್ಲಿ ಇದೇ ಪ್ರಶ್ನೆ ಬಂದು ಹೋಗಿತ್ತು. ಒಂಟಾರಿಯೊ ಪ್ರಾಂತ್ಯ ಗಾಳಿ ಮತ್ತು ಸೋಲಾರ್ ಕರೆಂಟಿಗೆ ಒಳ್ಳೆ ದರ ಕೊಡುತ್ತಿತ್ತು, ಯಂತ್ರಗಳಲ್ಲಿ ಇಂತಿಷ್ಟು ಭಾಗ ಒಂಟಾರಿಯೊದ್ದೇ ಆಗಿರಬೇಕು ಅನ್ನುತ್ತಿತ್ತು. ಜಪಾನ್ ಮತ್ತು ಐರೋಪ್ಯ ಒಕ್ಕೂಟ ದೂರು ಕೊಟ್ಟವು. 2013ರ ಮೇ ತಿಂಗಳಲ್ಲಿ ಮೇಲ್ಮನವಿ ಮಂಡಳಿ ಹೇಳಿತು: ಸರ್ಕಾರ ಕೊಂಡ ವಸ್ತುವೂ ತಾರತಮ್ಯಕ್ಕೆ ಒಳಗಾದ ವಸ್ತುವೂ ಮಾರುಕಟ್ಟೆಯಲ್ಲಿ ಒಂದಕ್ಕೊಂದು ಪೈಪೋಟಿ ಮಾಡುವಂಥವು ಆಗಿರಬೇಕು. ಕರೆಂಟಿಗೂ ಯಂತ್ರಕ್ಕೂ ಪೈಪೋಟಿ ಎಲ್ಲಿದೆ? ಭಾರತಕ್ಕೂ ಅದೇ ಅಳತೆಗೋಲು ಬಿತ್ತು.

ಶಾಲೆಯೊಂದಕ್ಕೆ ಹೊರಗಿನ ಗುತ್ತಿಗೆದಾರರಿಂದ ಬಿಸಿಯೂಟ ತರಿಸುತ್ತೀರಿ ಅಂದುಕೊಳ್ಳಿ. ಊರಿನವರೇ ಮಾಡಿದ ಊಟ ಬೇಕು ಅನ್ನಬಹುದು. ಆದರೆ ಅವರು ಬೇಯಿಸುವ ಕುಕ್ಕರ್ ಈ ದೇಶದ್ದೇ ಆಗಿರಬೇಕು ಅಂದರೆ, ನೀವು ಕೊಳ್ಳದ ವಸ್ತುವಿನ ಮಾರುಕಟ್ಟೆಗೆ ಕೈ ಹಾಕಿದಂತೆ. ಮಂಡಳಿಯ ತರ್ಕ ಇದು.

ಪಠ್ಯ ಓದಿದರೆ ತರ್ಕ ಸರಿಯಿದೆ. ಆದರೂ ನನಗೆ ಪೂರ್ತಿ ಸಮಾಧಾನ ಇಲ್ಲ. ಸರ್ಕಾರಕ್ಕೆ ಸುಮ್ನೆ ಕರೆಂಟು ಬೇಕಿದ್ದರೆ ಕಲ್ಲಿದ್ದಲಿನದು ಎಷ್ಟೋ ಅಗ್ಗಕ್ಕೆ ಸಿಗುತ್ತಿತ್ತು. ಹನ್ನೆರಡು ರೂಪಾಯಿ ಕೊಟ್ಟದ್ದು ಅದು ಪ್ಯಾನೆಲ್ಲಿನಿಂದ ಬರುತ್ತದೆ ಅನ್ನುವ ಕಾರಣಕ್ಕೆ ಮಾತ್ರ. ತಂತಿಯಲ್ಲಿ ಹರಿಯುವಾಗ ಎಲ್ಲ ಕರೆಂಟೂ ಒಂದೇ. ಜಾಸ್ತಿ ದುಡ್ಡು ಹೋದದ್ದು ಪ್ಯಾನೆಲ್ಲಿಗೇ. ಈ ಆರ್ಥಿಕ ಸತ್ಯಕ್ಕೆ ಆ ವಿಧಿಯಲ್ಲಿ ಜಾಗ ಸಿಗಲಿಲ್ಲ.

ಸೋಲಾರ್ ಕರೆಂಟನ್ನು ಮುಂದೆ ಎಸ್ಕಾಂಗಳಿಗೆ ಮಾರುತ್ತಿದ್ದರಲ್ಲ, ಅದು ಮರುಮಾರಾಟದ ವ್ಯಾಪಾರವೇ ಅನ್ನುವ ಪ್ರಶ್ನೆಯೂ ಇತ್ತು. ಮೊದಲ ಮೆಟ್ಟಿಲಲ್ಲೇ ಭಾರತ ಬಿದ್ದದ್ದರಿಂದ ಅದರ ಮೇಲೆ ತೀರ್ಪು ಕೊಡುವ ಅಗತ್ಯ ಬೀಳಲಿಲ್ಲ.

ಭಾರತ ಇನ್ನೆರಡು ವಿನಾಯಿತಿಗಳನ್ನು ಹಿಡಿದುಕೊಂಡಿತ್ತು. ಒಂದು, ವಸ್ತುವಿನ ಅಭಾವ. ದೇಶದಲ್ಲಿ ಸೆಲ್ ತಯಾರಿಕೆ ಸಾಲದು, ಆಮದಿನ ಮೇಲೆ ನೆಚ್ಚಿಕೊಂಡರೆ ಅಪಾಯ, ಅದಕ್ಕೇ ಈ ಷರತ್ತು ಅಂದಿತು. ಅಭಾವ ಅಳೆಯುವಾಗ ಆಮದಾಗಿ ಸಿಗುವ ಮಾಲನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದು ಮಂಡಳಿ ಉತ್ತರಿಸಿತು. ಇದರಲ್ಲಿ ಮಂಡಳಿಯೇ ಸರಿ ಅನ್ನಿಸುತ್ತದೆ. ಇಲ್ಲವಾದರೆ ಯಾವ ದೇಶ ಯಾವುದನ್ನು ತಯಾರಿಸುವುದಿಲ್ಲವೋ ಅದೆಲ್ಲ ಅಭಾವದ ವಸ್ತು ಆಗಿಬಿಡುತ್ತದೆ. ಇನ್ನೊಂದು, 2003ರ ವಿದ್ಯುತ್ ಕಾಯ್ದೆ, ಹವಾಮಾನ ಒಪ್ಪಂದ ಮುಂತಾದವನ್ನು ಪಾಲಿಸಲು ಈ ಷರತ್ತು ಬೇಕು ಎಂಬ ವಾದ. ನೀವು ತೋರಿಸಿದ ಸಾಲುಗಳು ಆಶಯಗಳೇ ಹೊರತು ಪಾಲಿಸಲೇಬೇಕಾದ ನಿಯಮಗಳಲ್ಲ ಎಂದರು. ವಿಚಾರಣಾ ಸಮಿತಿಯ ವರದಿ 2016ರ ಫೆಬ್ರವರಿ 24ರಂದು ಬಂದಿತ್ತು. ಮೇಲ್ಮನವಿಯ ತೀರ್ಪು ಅದೇ ವರ್ಷ ಸೆಪ್ಟೆಂಬರ್ 16ರಂದು ಬಂತು. ಎರಡರಲ್ಲೂ ಭಾರತಕ್ಕೆ ಸೋಲು.

ಗೆದ್ದವರಿಗೆ ಸಿಕ್ಕಿದ್ದೇನು

ಷರತ್ತು ತೆಗೆದುಹಾಕಲು 2017ರ ಡಿಸೆಂಬರ್ 14ರವರೆಗೆ ಗಡುವಿತ್ತು. ಹೊಸ ಒಪ್ಪಂದಗಳಲ್ಲಿ ಷರತ್ತು ಹಾಕುತ್ತಿಲ್ಲ, ತೀರ್ಪು ಪಾಲಿಸಿದ್ದೇವೆ ಎಂದು ಭಾರತ ಹೇಳಿತು. ಇಲ್ಲ ಎಂದ ಅಮೆರಿಕ ಐದು ದಿನದಲ್ಲಿ ಪ್ರತೀಕಾರದ ಸುಂಕಕ್ಕೆ ಅನುಮತಿ ಕೇಳಿತು. ಅಲ್ಲಿಂದ ವಿಷಯ ಎಳೆದಾಡಿಕೊಂಡೇ ಇತ್ತು.

ಈ ನಡುವೆ ಮಾರುಕಟ್ಟೆ ಯಾರ ಕೈಗೆ ಹೋಯಿತು? ಅಮೆರಿಕದ ವ್ಯಾಪಾರ ಪ್ರತಿನಿಧಿ ಕಚೇರಿಯೇ ಹೇಳಿಕೊಂಡಂತೆ 2011ರಿಂದ ಭಾರತಕ್ಕೆ ಅವರ ಸೋಲಾರ್ ರಫ್ತು ಶೇಕಡಾ 90ಕ್ಕಿಂತ ಹೆಚ್ಚು ಇಳಿದಿತ್ತು. ಅವರು ಅದಕ್ಕೆ ಭಾರತದ ಷರತ್ತನ್ನು ದೂರಿದರು. ಆದರೆ ಷರತ್ತು ಇಲ್ಲದ ಟೆಂಡರುಗಳಲ್ಲೂ ಅಮೆರಿಕದ ಮಾಲು ಹೆಚ್ಚು ಬರಲಿಲ್ಲ. ಅಷ್ಟರಲ್ಲಿ ಚೀನಾದ ಕ್ರಿಸ್ಟಲೈನ್ ಪ್ಯಾನೆಲ್ಲಿನ ಬೆಲೆ ಇಳಿದೂ ಇಳಿದೂ ಥಿನ್ ಫಿಲ್ಮಿನ ಅನುಕೂಲವೇ ಕರಗಿಹೋಗಿತ್ತು. ಭಾರತ ಆಮದು ಮಾಡಿಕೊಂಡ ಪ್ಯಾನೆಲ್ಲುಗಳ ಬಹುಪಾಲು ಚೀನಾದ್ದೇ ಆಯಿತು. ಮೊಕದ್ದಮೆ ಹೂಡಿದ್ದು ಅಮೆರಿಕ, ಬಾಗಿಲು ತೆರೆದಾಗ ಒಳಗೆ ಬಂದದ್ದು ಚೀನಾ.

ಭಾರತವೂ ಸುಮ್ಮನೆ ಕೂರಲಿಲ್ಲ. ಮೇಲ್ಮನವಿ ತೀರ್ಪಿಗೆ ಒಂದು ವಾರ ಮೊದಲು, 2016ರ ಸೆಪ್ಟೆಂಬರ್ 9ರಂದು, ಅಮೆರಿಕದ ಎಂಟು ರಾಜ್ಯಗಳ ವಿರುದ್ಧ ದೂರು ಕೊಟ್ಟಿತು. ವಾಷಿಂಗ್ಟನ್, ಕ್ಯಾಲಿಫೋರ್ನಿಯಾ, ಮಿನ್ನೆಸೋಟ, ಮಿಷಿಗನ್ ಇತ್ಯಾದಿ. ಆ ರಾಜ್ಯಗಳೂ ಸ್ಥಳೀಯ ಪ್ಯಾನೆಲ್ ಹಾಕಿದವರಿಗೆ ಹೆಚ್ಚುವರಿ ಪ್ರೋತ್ಸಾಹಧನ ಕೊಡುತ್ತಿದ್ದವು. 2019ರ ಜೂನ್ 27ರ ವರದಿಯಲ್ಲಿ ಭಾರತ ಗೆದ್ದಿತು. ಅಮೆರಿಕ ಮೇಲ್ಮನವಿ ಹಾಕಿತು. ಆ ವರ್ಷದ ಡಿಸೆಂಬರಿಗೆ ಮೇಲ್ಮನವಿ ಮಂಡಳಿಯೇ ಸದಸ್ಯರಿಲ್ಲದೆ ನಿಂತುಹೋಯಿತು. ಹೊಸ ಸದಸ್ಯರ ನೇಮಕವನ್ನು ತಡೆದದ್ದು ಅಮೆರಿಕವೇ. ಕೊನೆಗೆ 2023ರ ಜೂನ್‌ನಲ್ಲಿ ಎರಡೂ ದೇಶಗಳು ಆರು ಜಗಳಗಳನ್ನು ಒಟ್ಟಿಗೆ ಮುಗಿಸಿಕೊಂಡವು. ಈ ಎರಡು ಸೋಲಾರ್ ಪ್ರಕರಣಗಳೂ ಅದರಲ್ಲಿ ಸೇರಿದ್ದವು.

ತೀರ್ಪಿನ ನಂತರದ ಟೆಂಡರು

ನನಗೆ ಇಡೀ ಕಥೆಯಲ್ಲಿ ಹೆಚ್ಚು ಕುತೂಹಲ ಹುಟ್ಟಿಸುವುದು ಈ ಭಾಗ. ಮಂಡಳಿ ಏನು ಹೇಳಿತ್ತು? ಸರ್ಕಾರ ಕೊಂಡ ವಸ್ತುವಿಗೆ ಮಾತ್ರ ವಿನಾಯಿತಿ. ಹಾಗಾದರೆ ಸರ್ಕಾರವೇ ಪ್ಯಾನೆಲ್ ಕೊಂಡರೆ?

2019ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರ ಸಾರ್ವಜನಿಕ ವಲಯದ ಸಂಸ್ಥೆಗಳಿಗಾಗಿ 12,000 ಮೆಗಾವ್ಯಾಟಿನ ಯೋಜನೆ ತಂದಿತು. ಎನ್‌ಟಿಪಿಸಿ, ಎನ್‌ಎಚ್‌ಪಿಸಿ, ಎಸ್‌ಜೆವಿಎನ್ ಇಂಥ ಸರ್ಕಾರಿ ಸಂಸ್ಥೆಗಳೇ ಘಟಕ ಕಟ್ಟಬೇಕು. ಕರೆಂಟು ತಮ್ಮ ಬಳಕೆಗೆ ಅಥವಾ ಬೇರೆ ಸರ್ಕಾರಿ ಸಂಸ್ಥೆಗಳ ಬಳಕೆಗೆ ಹೋಗಬೇಕು. ಸೆಲ್ಲೂ ಮಾಡ್ಯೂಲೂ ದೇಶಿಯೇ ಆಗಬೇಕು. ಇದಕ್ಕೆ 8,580 ಕೋಟಿ ರೂಪಾಯಿಯ ನೆರವು, ಮೆಗಾವ್ಯಾಟಿಗೆ ಹೆಚ್ಚೆಂದರೆ 70 ಲಕ್ಷ.

ಯೋಜನೆಯ ಷರತ್ತುಗಳನ್ನು ತೀರ್ಪಿನ ಪಕ್ಕ ಇಟ್ಟು ನೋಡಿ. ಕೊಳ್ಳುವವರು ಸರ್ಕಾರಿ ಸಂಸ್ಥೆ. ಕೊಳ್ಳುವುದು ಪ್ಯಾನೆಲ್ಲನ್ನೇ. ಬಳಕೆ ಸರ್ಕಾರದ್ದು, ಬಜಾರಿನಲ್ಲಿ ಮಾರಾಟ ಇಲ್ಲ. ಎಂಟನೇ ಉಪವಿಧಿಯ ಒಂದೊಂದು ಮಾತಿಗೂ ಒಂದೊಂದು ಷರತ್ತು ಇದೆ. ಸೋತ ಪಕ್ಷದ ವಕೀಲರು ತೀರ್ಪನ್ನು ಎಷ್ಟು ಎಚ್ಚರದಿಂದ ಓದಿದ್ದಾರೆ ಅನ್ನುವುದು ಕಾಣುತ್ತದೆ.

ಪ್ಯಾನೆಲ್ಲು ಅದೇ, ಬಿಸಿಲು ಅದೇ, ಹೊರಗಿನ ಮಾಲನ್ನು ದೂರ ಇಡುವ ಉದ್ದೇಶವೂ ಅದೇ. ಬದಲಾದದ್ದು ಪ್ಯಾನೆಲ್ಲಿನ ಬಿಲ್ಲು ಯಾರ ಹೆಸರಿಗೆ ಬರುತ್ತದೆ ಅನ್ನುವುದು. ಆದರೆ ಇದರ ಜೊತೆಗೆ ಇನ್ನೊಂದೂ ಬದಲಾಯಿತು. ಮಿಷನ್ನಿನ ಹರಾಜಿನಲ್ಲಿ ಖಾಸಗಿ ಡೆವಲಪರ್‌ಗಳು ಒಬ್ಬರ ಮೇಲೊಬ್ಬರು ಬಿದ್ದು ದರ ಇಳಿಸಿದ್ದರು. ಹೊಸ ಯೋಜನೆಯಲ್ಲಿ ಘಟಕದ ಮಾಲೀಕರಾಗಲು ಸರ್ಕಾರಿ ಸಂಸ್ಥೆಗಳಿಗೆ ಮಾತ್ರ ಅವಕಾಶ. ವ್ಯಾಪಾರದ ಕಾನೂನಿಗೆ ತಲೆಬಾಗಲು ಹೋಗಿ ಪೈಪೋಟಿಯ ಕಣವನ್ನೇ ಕಿರಿದು ಮಾಡಬೇಕಾಯಿತು. ಖರೀದಿ ನಿಯಮದ ಬಗ್ಗೆ ಮಾತಾಡುವವರು ಈ ನಷ್ಟವನ್ನು ಲೆಕ್ಕಕ್ಕೆ ಹಿಡಿಯುವುದು ಕಡಿಮೆ. ಹಿಡಿಯಲೇಬೇಕು ಅನ್ನುವುದು ನನ್ನ ಆಗ್ರಹ.

ಉಳಿದ ಖಾಸಗಿ ಮಾರುಕಟ್ಟೆಗೆ ಸರ್ಕಾರ ಬೇರೆ ದಾರಿ ಹಿಡಿಯಿತು. 2018ರ ಜುಲೈನಿಂದ ಚೀನಾ ಮತ್ತು ಮಲೇಷ್ಯಾದ ಮಾಲಿಗೆ ಶೇಕಡಾ 25ರಿಂದ ಶುರುವಾಗುವ ರಕ್ಷಣಾ ಸುಂಕ. 2022ರ ಏಪ್ರಿಲ್ 1ರಿಂದ ಮಾಡ್ಯೂಲಿಗೆ ಶೇಕಡಾ 40, ಸೆಲ್ಲಿಗೆ ಶೇಕಡಾ 25 ಮೂಲ ಆಮದು ಸುಂಕ ಹಾಕಿತು. ಜೊತೆಗೆ ಅನುಮೋದಿತ ತಯಾರಕರ ಪಟ್ಟಿ. ಸರ್ಕಾರಕ್ಕೆ ಸಂಬಂಧಪಟ್ಟ ಯೋಜನೆಗೆ ಪ್ಯಾನೆಲ್ ಹಾಕಬೇಕಾದರೆ ತಯಾರಕರ ಹೆಸರು ಆ ಪಟ್ಟಿಯಲ್ಲಿರಬೇಕು. ಮೊದಲ ಪಟ್ಟಿ 2021ರ ಮಾರ್ಚಿನಲ್ಲಿ ಬಂತು, ಅದರಲ್ಲಿ ಇದ್ದದ್ದೆಲ್ಲ ದೇಶಿ ಕಾರ್ಖಾನೆಗಳು. ದೇಶಿ ಮಾಲೇ ಬೇಕು ಅನ್ನುವ ಮಾತು ಆದೇಶದಲ್ಲಿ ಎಲ್ಲೂ ಇಲ್ಲ. ಗುಣಮಟ್ಟ ಪರೀಕ್ಷೆ, ಕಾರ್ಖಾನೆ ತಪಾಸಣೆ ಅಂತ ಇದೆ. ತಪಾಸಣೆಗೆ ಯಾರ ಕಾರ್ಖಾನೆಗೆ ಯಾವಾಗ ಹೋಗುತ್ತಾರೆ ಅನ್ನುವುದರ ಮೇಲೆ ಮಾರುಕಟ್ಟೆ ನಿಂತಿದೆ.

ಮಿಷನ್ನಿನ ಎರಡನೇ ಹಂತದಲ್ಲಿ ದೇಶಿ ಪ್ಯಾನೆಲ್ಲಿಗೆ ತೆತ್ತ ಹೆಚ್ಚುವರಿ ಬೆಲೆ ಮೆಗಾವ್ಯಾಟಿಗೆ ಸುಮಾರು ಒಂದು ಕೋಟಿ ಎಂದು ಹರಾಜಿನ ಹಾಳೆಯಲ್ಲೇ ಓದಬಹುದಿತ್ತು. ಸುಂಕ ಮತ್ತು ಪಟ್ಟಿಯ ಬೆಲೆ ಹಾಗೆ ಓದಲು ಸಿಗುವುದಿಲ್ಲ. ಅದು ಕರೆಂಟಿನ ದರದಲ್ಲಿ ಬೆರೆತು ಎಸ್ಕಾಂಗಳ ಮೂಲಕ ಬಿಲ್ಲಿಗೆ ಬರುತ್ತದೆ.